ಪೊಲೀಸ್ ಠಾಣೆಯ ಗಣಕೀಕರಣ: ಯೋಜನೆ ಮತ್ತು ಅಳವಡಿಕೆ

ಪೊಲೀಸ್ ಕಾರ್ಯದ ಬಹುಭಾಗವು ಬರವಣಿಗೆಯ ಕಾರ್ಯವಾಗಿರುತ್ತದೆ ಎಂಬ ಸಂಗತಿಯು ಸಾರ್ವಜನಿಕರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ದೂರು ಸ್ವೀಕೃತವಾದ ಕ್ಷಣದಿಂದ ನ್ಯಾಯಾಲಯದ ತೀರ್ಪು ಹೊರಬೀಳುವವರೆಗೆ ಪ್ರತಿಯೊಂದು ಹೆಜ್ಜೆಯೂ ಒಂದು ನಮೂನೆಯಲ್ಲಿ, ಒಂದು ವಹಿಯಲ್ಲಿ ಅಥವಾ ಒಂದು ದಿನಚರಿಯಲ್ಲಿ ದಾಖಲಾಗತಕ್ಕದ್ದು. ಕಳುವಾದ ಸರದ ತೂಕ, ಜಪ್ತಿಯಾದ ವಾಹನದ ಸಂಖ್ಯೆ, ದಸ್ತಗಿರಿಯ ವೇಳೆ, ಸಾಕ್ಷಿದಾರರ ವಿಳಾಸ ಇವೆಲ್ಲವೂ ಕಾಗದದ ಮೇಲೆ ಬಂದ ನಂತರವೇ ತನಿಖೆಯ ಭಾಗವಾಗುತ್ತವೆ. ಈ ಬರವಣಿಗೆಯನ್ನು ಸುಗಮಗೊಳಿಸುವುದು ಹಾಗೂ ಒಂದು ಠಾಣೆಯಲ್ಲಿ ಬರೆದುದನ್ನು ಮತ್ತೊಂದು ಠಾಣೆಯವರು ಓದುವಂತೆ ಮಾಡುವುದು ಪೊಲೀಸ್ ಗಣಕೀಕರಣದ ಮೂಲ ಉದ್ದೇಶವಾಗಿದೆ. ಈ ಉದ್ದೇಶವು ಎಲ್ಲಿ ಈಡೇರಿತು, ಎಲ್ಲಿ ಈಡೇರಲಿಲ್ಲ, ಯಾವ ಕಾರಣಗಳಿಂದ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಠಾಣೆಯ ಬರವಣಿಗೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದೇಶದಾದ್ಯಂತ ಏಕರೂಪತೆ ತರುವ ದೃಷ್ಟಿಯಿಂದ ಏಳು ಸಮಗ್ರ ತನಿಖಾ ನಮೂನೆಗಳನ್ನು ರೂಪಿಸಿತು. ಪ್ರಥಮ ವರ್ತಮಾನ ವರದಿ, ಅಪರಾಧದ ವಿವರ, ದಸ್ತಗಿರಿ, ಸ್ವತ್ತಿನ ಜಪ್ತಿ, ಅಂತಿಮ ವರದಿ, ನ್ಯಾಯಾಲಯದ ತೀರ್ಮಾನ ಮತ್ತು ಮೇಲ್ಮನವಿಯ ಫಲಿತಾಂಶ ಇವೇ ಆ ಏಳು. ಒಬ್ಬ ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು ಮತ್ತು ವಿಳಾಸಗಳು ಇವುಗಳಲ್ಲಿ ಹಲವು ನಮೂನೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇದರ ಜೊತೆಗೆ ಠಾಣಾ ದಿನಚರಿ, ಮುದ್ದೆಮಾಲು ವಹಿ, ಮೇಲಧಿಕಾರಿಗಳಿಗೆ ಕಳುಹಿಸುವ ಮಾಸಿಕ ತಃಖ್ತೆಗಳು ಬೇರೆ. ಕೈಬರಹದ ಕಾಲದಲ್ಲಿ ಠಾಣಾ ಬರಹಗಾರನು ಒಂದೇ ಸಂಗತಿಯನ್ನು ಹಲವಾರು ಸಲ ನಕಲು ಮಾಡುತ್ತಿದ್ದನು. ಪ್ರತಿ ನಕಲಿನಲ್ಲಿಯೂ ಒಂದು ಅಕ್ಷರವೋ ಒಂದು ಅಂಕಿಯೋ ತಪ್ಪುವ ಸಂಭವವಿರುತ್ತಿತ್ತು. ವಾಹನ ಸಂಖ್ಯೆಯಲ್ಲಿ ಒಂದು ಅಂಕಿ ವ್ಯತ್ಯಾಸವಾದರೆ ಪ್ರತಿವಾದಿ ವಕೀಲರಿಗೆ ಅದು ಸಾಕಷ್ಟು ದೊಡ್ಡ ಸಂಗತಿ.

ಆದುದರಿಂದ ಯಾವುದೇ ತಂತ್ರಾಂಶವನ್ನು ಅಳೆಯಲು ಒಂದು ಸರಳ ಪ್ರಶ್ನೆ ಸಾಕಾಗುತ್ತದೆ: ಒಮ್ಮೆ ಬರೆದ ಸಂಗತಿಯನ್ನು ಎರಡನೆಯ ಬಾರಿ ಬರೆಯಬೇಕಾಗುವುದೇ? ಹೌದೆಂದಾದಲ್ಲಿ ಗಣಕಯಂತ್ರವು ಬರಹಗಾರನಿಗೆ ಇನ್ನೊಂದು ವಹಿಯಾಗಿ ಪರಿಣಮಿಸುತ್ತದೆ. ಅವನು ಮೊದಲು ಕಾಗದದಲ್ಲಿ ಬರೆದು, ಬಿಡುವಾದಾಗ ಗಣಕಯಂತ್ರದಲ್ಲಿ ತುಂಬುತ್ತಾನೆ. ಬಿಡುವು ಎಂಬುದು ಠಾಣೆಯಲ್ಲಿ ದುರ್ಲಭ. ಹೀಗಾಗಿ ದತ್ತಾಂಶವು ವಾರಗಟ್ಟಲೆ ಹಿಂದೆ ಬೀಳುತ್ತದೆ, ಹಿಂದೆ ಬಿದ್ದ ದತ್ತಾಂಶವನ್ನು ಯಾರೂ ನಂಬುವುದಿಲ್ಲ, ನಂಬದ ದತ್ತಾಂಶಕ್ಕಾಗಿ ಯಾರೂ ಶ್ರಮ ವಹಿಸುವುದಿಲ್ಲ.

ರಾಷ್ಟ್ರಮಟ್ಟದ ಹಿನ್ನೆಲೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 1986ರಲ್ಲಿ ಸ್ಥಾಪನೆಯಾಯಿತು. ಪೊಲೀಸ್ ಗಣಕಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ನಿರ್ದೇಶನಾಲಯ, ಕೇಂದ್ರ ತನಿಖಾ ದಳದಲ್ಲಿದ್ದ ಬೆರಳು ಮುದ್ರೆ ಬ್ಯೂರೋ ಮತ್ತು ಅಂತರರಾಜ್ಯ ಅಪರಾಧಿಗಳ ದತ್ತಾಂಶ ಶಾಖೆ, ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋದ ಅಂಕಿಅಂಶ ಶಾಖೆ ಇವುಗಳನ್ನು ಒಗ್ಗೂಡಿಸಿ ಇದನ್ನು ರಚಿಸಲಾಯಿತು. 1990ರ ದಶಕದಲ್ಲಿ ಅಪರಾಧ ಮತ್ತು ಅಪರಾಧಿಗಳ ಮಾಹಿತಿ ವ್ಯವಸ್ಥೆಯು ಜಾರಿಗೆ ಬಂದಿತು. ಆದರೆ ಅದು ಮುಖ್ಯವಾಗಿ ಮೇಲಿನ ಕಚೇರಿಗಳ ಉಪಯೋಗಕ್ಕಾಗಿ ಇದ್ದ ವ್ಯವಸ್ಥೆ. ಠಾಣೆಯು ಮಾಹಿತಿಯನ್ನು ಕೊಡುವ ಸ್ಥಾನದಲ್ಲಿತ್ತು, ಪಡೆಯುವ ಸ್ಥಾನದಲ್ಲಿ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲು 2004-05ರಲ್ಲಿ ಸಾಮಾನ್ಯ ಸಮಗ್ರ ಪೊಲೀಸ್ ಅನ್ವಯಿಕೆ, ಅಂದರೆ ಸಂಕ್ಷಿಪ್ತವಾಗಿ 'ಸಿಪಾ', ಪ್ರಾರಂಭವಾಯಿತು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ಈ ತಂತ್ರಾಂಶವು ಠಾಣೆಯ ಕೆಲಸವನ್ನೇ ಕೇಂದ್ರವಾಗಿರಿಸಿಕೊಂಡಿತ್ತು ಎಂಬುದು ಅದರ ಹೆಗ್ಗಳಿಕೆ. ಅದರ ದೌರ್ಬಲ್ಯವು ಬೇರೆಡೆ ಇತ್ತು. ಪ್ರತಿ ಠಾಣೆಯ ಗಣಕಯಂತ್ರವೂ ತನ್ನಷ್ಟಕ್ಕೆ ತಾನು ನಿಂತಿತ್ತು. ಪಕ್ಕದ ಠಾಣೆಯಲ್ಲಿ ದಾಖಲಾದ ಪ್ರಕರಣವನ್ನು ಇಲ್ಲಿಂದ ಹುಡುಕಲು ಸಾಧ್ಯವಿರಲಿಲ್ಲ. ಇದೇ ಅವಧಿಯಲ್ಲಿ ಕೆಲವು ರಾಜ್ಯಗಳು ತಮ್ಮದೇ ವ್ಯವಸ್ಥೆಗಳನ್ನು ಕಟ್ಟಿಕೊಂಡಿದ್ದವು. ಆಂಧ್ರಪ್ರದೇಶದಲ್ಲಿ 'ಇ-ಕಾಪ್ಸ್', ತಮಿಳುನಾಡಿನಲ್ಲಿ 'ಕಾರಸ್', ಕರ್ನಾಟಕದಲ್ಲಿ 'ಪೊಲೀಸ್ ಐ.ಟಿ.' ಇವುಗಳನ್ನು ಉದಾಹರಿಸಬಹುದು. ಕರ್ನಾಟಕದ ವ್ಯವಸ್ಥೆಯು ಅಪರಾಧ ದಾಖಲೆಗಳಿಗೆ ಸೀಮಿತವಾಗದೆ ಸಂಚಾರ, ಆಡಳಿತ, ಹಣಕಾಸು, ದಾಸ್ತಾನು ಮತ್ತು ವಾಹನ ನಿರ್ವಹಣೆಯನ್ನೂ ಒಳಗೊಂಡಂತೆ ರೂಪಿತವಾಗಿತ್ತು. ಆದಾಗ್ಯೂ ರಾಜ್ಯದ ಗಡಿಯಲ್ಲಿ ಎಲ್ಲ ವ್ಯವಸ್ಥೆಗಳೂ ನಿಂತುಹೋಗುತ್ತಿದ್ದವು. ಕಳ್ಳರಿಗೆ ಗಡಿಯ ನಿರ್ಬಂಧವಿಲ್ಲ. ಬೆಳಗಾವಿಯಲ್ಲಿ ಕಳುವಾದ ಮೋಟಾರು ಸೈಕಲ್ ಮೀರಜ್ ತಲುಪಲು ಎಷ್ಟು ಹೊತ್ತು ಬೇಕು?

ಮುಂಬಯಿಯ ಮೇಲೆ 2008ರ ನವೆಂಬರ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯ ತರುವಾಯ ಮಾಹಿತಿ ವಿನಿಮಯದ ಪ್ರಶ್ನೆಯು ತೀವ್ರವಾಯಿತು. 2009ರ ಜೂನ್‌ನಲ್ಲಿ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು ಅಪರಾಧ ಮತ್ತು ಅಪರಾಧಿಗಳ ಜಾಡು ಜಾಲ ವ್ಯವಸ್ಥೆಗೆ 2000 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಅನುಮೋದನೆ ನೀಡಿತು. ಇದನ್ನೇ 'ಸಿ.ಸಿ.ಟಿ.ಎನ್.ಎಸ್.' ಎಂದು ಕರೆಯಲಾಗುತ್ತದೆ. ಪ್ರಾಯೋಗಿಕ ಹಂತವು 2013ರ ಜನವರಿಯಲ್ಲಿ ಸುಮಾರು 2000 ಠಾಣೆಗಳಲ್ಲಿ ಪ್ರಾರಂಭವಾಯಿತು. ಸಾರ್ವಜನಿಕರಿಗೂ ತನಿಖಾ ಸಂಸ್ಥೆಗಳಿಗೂ ಸೇವೆ ನೀಡುವ ಡಿಜಿಟಲ್ ಪೊಲೀಸ್ ಜಾಲತಾಣವು 2017ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ಅನುಮೋದನೆಯಿಂದ ಇಲ್ಲಿಯವರೆಗೆ ಎಂಟು ವರ್ಷಗಳು. ಸ್ವಂತ ತಂತ್ರಾಂಶವಿದ್ದ ರಾಜ್ಯಗಳು ಅದನ್ನು ಮುಂದುವರಿಸಿ ದತ್ತಾಂಶವನ್ನು ರಾಷ್ಟ್ರೀಯ ಕೋಶಕ್ಕೆ ಸಲ್ಲಿಸಲು ಅವಕಾಶವಿದ್ದುದರಿಂದ, ಈಗಾಗಲೇ ಕಲಿತ ಸಿಬ್ಬಂದಿಯು ಮತ್ತೆ ಮೊದಲಿನಿಂದ ಕಲಿಯುವ ಪ್ರಮೇಯವು ತಪ್ಪಿತು. ಇದು ವಿವೇಕದ ನಿರ್ಧಾರವೆಂದೇ ಹೇಳಬೇಕಾಗುತ್ತದೆ.

ಖರೀದಿಗೆ ಮುನ್ನ

ಇಲಾಖೆಗಳಲ್ಲಿ ಯೋಜನೆ ಎಂದೊಡನೆ ಖರೀದಿ ಪಟ್ಟಿಯು ಸಿದ್ಧವಾಗುವುದು ವಾಡಿಕೆ. ಅನುದಾನವು ಮಾರ್ಚ್ ಅಂತ್ಯದೊಳಗೆ ವೆಚ್ಚವಾಗಬೇಕಾದ್ದರಿಂದ ಗಣಕಯಂತ್ರಗಳು ಮೊದಲು ಬರುತ್ತವೆ. ಅವುಗಳಿಂದ ಆಗಬೇಕಾದ ಕೆಲಸವೇನೆಂಬ ಚರ್ಚೆಯು ಆಮೇಲೆ ನಡೆಯುತ್ತದೆ. ಈ ಕ್ರಮವು ತಿರುಗುಮುರುಗಾದುದರ ಪರಿಣಾಮವನ್ನು ತಿಳಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ತನಿಖಾ ಬ್ಯೂರೋ, ಅಂದರೆ ಎಫ್.ಬಿ.ಐ. ಪಟ್ಟ ಪಾಡನ್ನು ನೋಡಬಹುದು.

ಆ ಸಂಸ್ಥೆಯು 2001ರಲ್ಲಿ ತನ್ನ ಪ್ರಕರಣ ಕಡತಗಳನ್ನು ಗಣಕೀಕರಿಸಲು 'ವರ್ಚುವಲ್ ಕೇಸ್ ಫೈಲ್' ಎಂಬ ತಂತ್ರಾಂಶದ ಗುತ್ತಿಗೆ ನೀಡಿತು. ಹಣದ ಕೊರತೆ ಇರಲಿಲ್ಲ, ನುರಿತ ತಂತ್ರಜ್ಞರ ಕೊರತೆಯೂ ಇರಲಿಲ್ಲ. ಆದರೆ ತನಿಖಾಧಿಕಾರಿಗೆ ನಿಖರವಾಗಿ ಏನು ಬೇಕು ಎಂಬುದು ಗುತ್ತಿಗೆಯ ವೇಳೆಗೆ ಇತ್ಯರ್ಥವಾಗಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ ದಾಳಿಯ ನಂತರ ಅಗತ್ಯಗಳು ಇನ್ನಷ್ಟು ಬದಲಾದವು. ತಂತ್ರಾಂಶವು ಸಿದ್ಧವಾಗುತ್ತಿರುವಾಗಲೇ ತಿದ್ದುಪಡಿಗಳ ಮೇಲೆ ತಿದ್ದುಪಡಿಗಳು ಸೇರಿಕೊಂಡವು. ಹಳೆಯ ವ್ಯವಸ್ಥೆಯನ್ನು ಒಂದೇ ಬಾರಿಗೆ ನಿಲ್ಲಿಸಿ ಹೊಸದನ್ನು ಚಾಲನೆಗೊಳಿಸುವ ಇರಾದೆಯಿತ್ತು. ಹೊಸದು ಕೈಕೊಟ್ಟರೆ ಹಿಂದಿರುಗುವ ದಾರಿಯನ್ನು ಕಾಯ್ದಿರಿಸಿರಲಿಲ್ಲ. 2005ರಲ್ಲಿ ಸುಮಾರು 17 ಕೋಟಿ ಡಾಲರ್ ವೆಚ್ಚವಾದ ಬಳಿಕ ಆ ಯೋಜನೆಯನ್ನು ಕೈಬಿಡಲಾಯಿತು. ಅದರ ಬದಲಿಗೆ ಬಂದ 'ಸೆಂಟಿನೆಲ್' ಸಹ ತಡವಾಯಿತು. 2010ರಲ್ಲಿ ಸಂಸ್ಥೆಯು ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು, ಅಲ್ಪಾವಧಿಯ ಚಿಕ್ಕ ಚಿಕ್ಕ ಹಂತಗಳಲ್ಲಿ ನಿರ್ಮಿಸಿ, ಪ್ರತಿ ಹಂತವನ್ನೂ ಬಳಕೆದಾರರ ಮುಂದಿರಿಸಿ ಮುಂದುವರಿದ ನಂತರ 2012ರಲ್ಲಿ ಅದು ಬಳಕೆಗೆ ಬಂದಿತು.

ಯೋಜನಾ ಸಮಿತಿಯಲ್ಲಿ ಹಿರಿಯ ಅಧಿಕಾರಿಗಳು, ತಾಂತ್ರಿಕ ಸಲಹೆಗಾರರು ಮತ್ತು ಲೆಕ್ಕಾಧಿಕಾರಿಗಳು ಇರುವುದು ಸಹಜ. ಅವರೊಂದಿಗೆ ಠಾಣಾ ಬರಹಗಾರನಾಗಿ ಹತ್ತು ವರ್ಷ ದುಡಿದ ಒಬ್ಬ ಮುಖ್ಯ ಪೇದೆಯೂ ಇರತಕ್ಕದ್ದು, ಅವರ ಮಾತಿಗೆ ಬೆಲೆಯೂ ಇರತಕ್ಕದ್ದು. ಯಾವ ವಹಿಯನ್ನು ಯಾರೂ ತೆರೆದು ನೋಡುವುದಿಲ್ಲ, ಯಾವ ತಃಖ್ತೆಯು ಕೇವಲ ಅಭ್ಯಾಸಬಲದಿಂದ ಹೋಗುತ್ತಿದೆ ಎಂಬುದು ಅವರಿಗೆ ತಿಳಿದಿರುವಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ಅನಗತ್ಯ ವಹಿಗಳನ್ನು ಗಣಕೀಕರಣಕ್ಕೆ ಮುನ್ನವೇ ರದ್ದುಪಡಿಸುವುದು ಲೇಸು. ಬೇಡವಾದುದನ್ನು ಗಣಕಯಂತ್ರಕ್ಕೆ ತುಂಬಿದರೆ ಅದು ಶಾಶ್ವತವಾಗಿ ಉಳಿದುಕೊಳ್ಳುತ್ತದೆ.

ಕಿರಿದಾದ, ಸ್ಪಷ್ಟವಾದ ಉದ್ದೇಶದಿಂದ ಕೈಗೊಂಡ ಗಣಕೀಕರಣವು ಬೇಗ ಬೇರೂರುತ್ತದೆ ಎಂಬುದಕ್ಕೆ ಬೆಂಗಳೂರಿನ ಸಂಚಾರ ಪೊಲೀಸರ ಅನುಭವವು ನಿದರ್ಶನವಾಗಿದೆ. 2000ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ಅಧಿಕಾರಿಗಳ ಕೈಗೆ ಬ್ಲ್ಯಾಕ್‌ಬೆರಿ ಸಾಧನಗಳು ಬಂದವು. ರಸ್ತೆಯಲ್ಲಿ ನಿಂತಿರುವಾಗಲೇ ವಾಹನದ ಸಂಖ್ಯೆಯನ್ನು ನಮೂದಿಸಿ, ಹಳೆಯ ದಂಡ ಬಾಕಿಯಿರುವುದನ್ನು ನೋಡಿ, ರಸೀದಿಯನ್ನು ಮುದ್ರಿಸಿ ಕೊಡಲು ಸಾಧ್ಯವಾಯಿತು. ರಸೀದಿ ಪುಸ್ತಕವನ್ನು ಠಾಣೆಗೆ ಒಯ್ದು ಮತ್ತೊಮ್ಮೆ ವಹಿಗೆ ಏರಿಸುವ ಶ್ರಮವು ಉಳಿಯಿತು. ಸಾಧನವನ್ನು ಬಳಸಿದವನಿಗೇ ಅದರ ಪ್ರಯೋಜನವು ಅದೇ ದಿನ ದೊರೆಯಿತು.

ಹೆಸರಿನ ತೊಡಕು

ಗಣಕೀಕರಣದಲ್ಲಿ ಅತ್ಯಂತ ಕಠಿಣವಾದ ಭಾಗವು ಯಂತ್ರ, ಜಾಲ ಅಥವಾ ವಿದ್ಯುತ್ತಿಗೆ ಸಂಬಂಧಿಸಿದುದಲ್ಲ. ಮನುಷ್ಯನ ಹೆಸರನ್ನು ಬರೆಯುವುದೇ ಅದು. ಇದನ್ನು ಇಂಗ್ಲೆಂಡಿನ ಒಂದು ಪ್ರಕರಣವು ಜಗತ್ತಿಗೆ ತೋರಿಸಿಕೊಟ್ಟಿತು.

ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ ಮತ್ತು ಅದರ ಆಸುಪಾಸಿನಲ್ಲಿ 1975ರಿಂದ 1980ರವರೆಗೆ 13 ಮಹಿಳೆಯರ ಕೊಲೆಗಳು ನಡೆದವು. ಲೀಡ್ಸ್ ನಗರದ ತನಿಖಾ ಕೊಠಡಿಯಲ್ಲಿ ಹೇಳಿಕೆಗಳು, ವಾಹನ ಸಂಖ್ಯೆಗಳು ಮತ್ತು ಹೆಸರುಗಳು ಕಾಗದದ ಕಾರ್ಡುಗಳಲ್ಲಿ ರಾಶಿರಾಶಿಯಾಗಿ ಬಿದ್ದವು. 1981ರ ಜನವರಿಯಲ್ಲಿ ನಕಲಿ ಸಂಖ್ಯಾಫಲಕದ ಕಾರಣಕ್ಕಾಗಿ ಷೆಫೀಲ್ಡ್‌ನಲ್ಲಿ ಸಿಕ್ಕಿಬಿದ್ದ ಪೀಟರ್ ಸಟ್‌ಕ್ಲಿಫ್ ಎಂಬಾತನೇ ಕೊಲೆಗಾರನೆಂದು ತಿಳಿದುಬಂದಿತು. ತನಿಖೆಯ ಅವಧಿಯಲ್ಲಿ ಆತನನ್ನು ಪೊಲೀಸರು ಒಂಬತ್ತು ಬಾರಿ ವಿಚಾರಿಸಿ ಬಿಟ್ಟಿದ್ದರು. ಪ್ರಶ್ನಿಸಲು ಹೋದವರಿಗೆ ಹಿಂದಿನ ವಿಚಾರಣೆಗಳ ಪೂರ್ಣ ವಿವರವು ದೊರೆಯುತ್ತಿರಲಿಲ್ಲ. ಅದು ಕಾರ್ಡುಗಳ ರಾಶಿಯಲ್ಲಿ ಹೂತುಹೋಗಿತ್ತು. ಪೊಲೀಸರ ಕೈಯಲ್ಲಿ ಮಾಹಿತಿ ಇತ್ತು, ಅದು ಸಿಗುತ್ತಿರಲಿಲ್ಲ. ಲಾರೆನ್ಸ್ ಬೈಫೋರ್ಡ್ ಅವರು ನಡೆಸಿದ ಪರಾಮರ್ಶೆಯ ನಂತರ 1980ರ ದಶಕದ ಮಧ್ಯಭಾಗದಲ್ಲಿ 'ಹೋಮ್ಸ್' ಎಂಬ ಗಣಕ ವ್ಯವಸ್ಥೆಯು ಬ್ರಿಟನ್ನಿನ ಪೊಲೀಸ್ ಪಡೆಗಳಲ್ಲಿ ಜಾರಿಗೆ ಬಂದಿತು.

ನಮ್ಮಲ್ಲಿ ಈ ತೊಡಕು ಇನ್ನಷ್ಟು ಜಟಿಲವಾಗಿದೆ. ಮಂಜುನಾಥ ಎಂಬ ವ್ಯಕ್ತಿಯು ಒಂದು ಠಾಣೆಯಲ್ಲಿ ಮಂಜ, ಇನ್ನೊಂದರಲ್ಲಿ ಮಂಜುನಾಥಗೌಡ, ಮತ್ತೊಂದರಲ್ಲಿ ಅಡ್ಡಹೆಸರಿನಿಂದ ದಾಖಲಾಗಿರಬಹುದು. ಕೆಲವರ ಹೆಸರಿನ ಮುಂದೆ ಊರಿನ ಮೊದಲಕ್ಷರ, ಕೆಲವರಿಗೆ ತಂದೆಯ ಹೆಸರಿನ ಅಕ್ಷರ. ಉತ್ತರ ಕರ್ನಾಟಕದಲ್ಲಿ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ. ಇದನ್ನು ರೋಮನ್ ಲಿಪಿಗೆ ಇಳಿಸಿದಾಗ ಒಂದೇ ಹೆಸರಿಗೆ ನಾಲ್ಕೈದು ಕಾಗುಣಿತಗಳು ಹುಟ್ಟಿಕೊಳ್ಳುತ್ತವೆ. ಅಕ್ಷರಶಃ ಹೋಲಿಕೆಯನ್ನು ಮಾತ್ರ ಬಲ್ಲ ಹುಡುಕು ವ್ಯವಸ್ಥೆಯು ಇವರೆಲ್ಲರನ್ನೂ ಬೇರೆ ಬೇರೆ ವ್ಯಕ್ತಿಗಳೆಂದೇ ಭಾವಿಸುತ್ತದೆ.

ಕನ್ನಡದಲ್ಲಿಯೇ ಬರೆದರೆ ಸಮಸ್ಯೆ ಮುಗಿಯಿತೆಂದು ಹೇಳಲಾಗದು. ಗಣಕಗಳಲ್ಲಿ ಕನ್ನಡವು ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ ಬಹುತೇಕ ಕಚೇರಿಗಳು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದವು. ಆ ಪದ್ಧತಿಯಲ್ಲಿ ಪರದೆಯ ಮೇಲೆ ಕನ್ನಡವು ಕಾಣುತ್ತಿದ್ದರೂ ಯಂತ್ರದೊಳಗೆ ಸಂಗ್ರಹವಾಗುತ್ತಿದ್ದುದು ಬೇರೆ ಸಂಕೇತಗಳು. ಅದೇ ಅಕ್ಷರವಿನ್ಯಾಸವಿಲ್ಲದ ಇನ್ನೊಂದು ಗಣಕಯಂತ್ರದಲ್ಲಿ ಕಡತವನ್ನು ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲುಗಳು ಗೋಚರಿಸುತ್ತಿದ್ದವು. ಯೂನಿಕೋಡ್ ಬಳಕೆಯಿಂದ ಈ ತೊಂದರೆಯು ಪರಿಹಾರವಾಯಿತು. ಹಳೆಯ ಸಂಕೇತದಲ್ಲಿ ಉಳಿದ ದಾಖಲೆಗಳನ್ನು ಪರಿವರ್ತಿಸದ ಹೊರತು ಅವು ಇದ್ದೂ ಇಲ್ಲದಂತೆಯೇ ಸರಿ. ಹಳೆಯ ದಾಖಲೆಗಳ ಪರಿವರ್ತನೆಗೆ ಯೋಜನಾ ಅಂದಾಜಿನಲ್ಲಿ ಪ್ರತ್ಯೇಕ ಹಣ ಮತ್ತು ಕಾಲಾವಕಾಶವನ್ನು ತೆಗೆದಿರಿಸುವುದು ಈ ಕಾರಣದಿಂದ ಅತ್ಯವಶ್ಯಕ.

ಹೆಸರು ಬದಲಾದರೂ ಬೆರಳು ಬದಲಾಗುವುದಿಲ್ಲ. ಜಗತ್ತಿನ ಪ್ರಥಮ ಬೆರಳು ಮುದ್ರೆ ಬ್ಯೂರೋ 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಗಿತ್ತು. ಅದರ ವರ್ಗೀಕರಣ ಪದ್ಧತಿಯು ಎಡ್ವರ್ಡ್ ಹೆನ್ರಿ ಅವರ ಹೆಸರಿನಲ್ಲಿ ಪ್ರಸಿದ್ಧವಾದರೂ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯು ಅದರಲ್ಲಿ ದೊಡ್ಡದು. 2022ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಸ್ವಯಂಚಾಲಿತ ಬೆರಳು ಮುದ್ರೆ ಗುರುತಿಸುವಿಕೆ ವ್ಯವಸ್ಥೆಯಲ್ಲಿ ಪ್ರತಿ ವ್ಯಕ್ತಿಗೆ ಹತ್ತು ಅಂಕಿಗಳ ಒಂದು ಸಂಖ್ಯೆಯನ್ನು ನೀಡಲಾಗುತ್ತದೆ. ಹೆಸರುಗಳ ಗೋಜಲಿನಿಂದ ಪಾರಾಗಲು ಇದು ಒಂದು ಮಾರ್ಗ.

ಸಿಬ್ಬಂದಿ, ವಿದ್ಯುತ್ತು, ಇತರ ವೆಚ್ಚ

ಗಣಕಯಂತ್ರದ ಬೆಲೆಯು ಒಟ್ಟು ವೆಚ್ಚದಲ್ಲಿ ಚಿಕ್ಕ ಪಾಲು. ವಿದ್ಯುತ್ ನಿಲುಗಡೆಯಾದಾಗ ನೆರವಾಗುವ ಬ್ಯಾಟರಿಗಳು ಕೆಲವು ವರ್ಷಗಳಲ್ಲಿ ಕ್ಷೀಣಿಸುತ್ತವೆ, ಮುದ್ರಣದ ಮಸಿಯು ತಿಂಗಳಲ್ಲಿ ಮುಗಿಯುತ್ತದೆ, ಮಳೆಗಾಲದಲ್ಲಿ ಮಲೆನಾಡಿನ ಠಾಣೆಯ ಸಂಪರ್ಕವು ಕಡಿದುಹೋಗುತ್ತದೆ. ಸಂಪರ್ಕವಿಲ್ಲದ ವೇಳೆಯಲ್ಲಿಯೂ ದೂರು ದಾಖಲಿಸಿ, ಸಂಪರ್ಕ ಬಂದೊಡನೆ ಅದು ತಾನಾಗಿಯೇ ರವಾನೆಯಾಗುವ ಏರ್ಪಾಡು ತಂತ್ರಾಂಶದಲ್ಲಿರತಕ್ಕದ್ದು. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರವನ್ನು ಕಳುವಿನ ದೂರು ತಂದವರಿಗೆ ನೀಡಲು ಕಾನೂನಿನಲ್ಲಿ ಅವಕಾಶವಿಲ್ಲ. ಸಂಜ್ಞೇಯ ಅಪರಾಧದ ಮಾಹಿತಿಯು ದೊರೆತಾಗ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲಿಯೇ ಸ್ಪಷ್ಟಪಡಿಸಿದೆ.

ತರಬೇತಿಯ ವಿಷಯದಲ್ಲಿ ಒಂದು ಮಾತು. ತರಬೇತಿ ಪಡೆದ ಪೇದೆಯನ್ನು ಮರು ತಿಂಗಳೇ ಬಂದೋಬಸ್ತಿಗೋ ಮತ್ತೊಂದು ಠಾಣೆಗೋ ಕಳುಹಿಸಿದರೆ ತರಬೇತಿಯ ವೆಚ್ಚವು ವ್ಯರ್ಥ. ಪ್ರತಿ ಠಾಣೆಯಲ್ಲಿ ಕನಿಷ್ಠ ಇಬ್ಬರು ನುರಿತವರು ಇರುವಂತೆ ವರ್ಗಾವಣೆಗಳನ್ನು ನೋಡಿಕೊಳ್ಳುವುದು ತಂತ್ರಜ್ಞರ ಕೆಲಸವಲ್ಲ, ಜಿಲ್ಲಾ ವರಿಷ್ಠಾಧಿಕಾರಿಗಳ ಕೆಲಸ.

ದಾಖಲೆಯ ಸುರಕ್ಷತೆ

ಕಾಗದದ ಕಡತವು ಬೆಂಕಿಗೆ ಅಥವಾ ಗೆದ್ದಲಿಗೆ ತುತ್ತಾಗಬಹುದು; ಗಣಕದ ಕಡತವು ಒಂದು ತಪ್ಪು ಆದೇಶಕ್ಕೆ ತುತ್ತಾಗಬಹುದು. 2021ರ ಜನವರಿಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪೊಲೀಸ್ ಗಣಕದಲ್ಲಿ ವಾಡಿಕೆಯ ನಿರ್ವಹಣೆಯ ಸಂದರ್ಭದಲ್ಲಿ ದೋಷಯುಕ್ತ ಆದೇಶದಿಂದಾಗಿ ಒಂದು ಲಕ್ಷಕ್ಕೂ ಮಿಕ್ಕಿದ ವ್ಯಕ್ತಿಗಳಿಗೆ ಸೇರಿದ ದಾಖಲೆಗಳು ಅಳಿಸಿಹೋಗಿದ್ದವು. ಪ್ರತ್ಯೇಕ ಸ್ಥಳದಲ್ಲಿ ಪ್ರತಿಯನ್ನು ಇರಿಸುವುದು ಮಾತ್ರ ಸಾಲದು. ಆ ಪ್ರತಿಯಿಂದ ದಾಖಲೆಯನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಆಗಾಗ್ಗೆ ಪರೀಕ್ಷಿಸಬೇಕು.

ದಾಖಲೆಯು ನ್ಯಾಯಾಲಯದಲ್ಲಿ ನಿಲ್ಲುವುದೂ ಅಷ್ಟೇ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರವನ್ನು ಸಲ್ಲಿಸಬೇಕಾಗುತ್ತದೆ. ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಕಡತದಲ್ಲಿ ಒಂದು ಅಕ್ಷರವು ಬದಲಾದರೂ ಈ ಮೌಲ್ಯವು ಸಂಪೂರ್ಣವಾಗಿ ಬೇರೆಯಾಗುವುದರಿಂದ ತಿದ್ದುವಿಕೆಯು ಪತ್ತೆಯಾಗುತ್ತದೆ. ಅದೇ ದಿನ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲಿ ಚಿತ್ರೀಕರಿಸುವುದನ್ನು ಕಡ್ಡಾಯಗೊಳಿಸಿರುವುದರಿಂದ ಪ್ರತಿ ಠಾಣೆಯು ಸಂರಕ್ಷಿಸಬೇಕಾದ ಕಡತಗಳ ಗಾತ್ರವು ಬಹಳ ಹೆಚ್ಚಿದೆ.

ಮತ್ತೊಂದು ಮುಖವನ್ನು ಮರೆಯಲಾಗದು. ಎಲ್ಲ ಠಾಣೆಗಳಿಂದಲೂ ಓದಬಹುದಾದ ದಾಖಲೆಯು, ಅದರಲ್ಲಿ ತಪ್ಪಿದ್ದರೆ, ಎಲ್ಲ ಠಾಣೆಗಳಲ್ಲಿಯೂ ತಪ್ಪಾಗಿರುತ್ತದೆ. ಖುಲಾಸೆಯಾದ ವ್ಯಕ್ತಿಯು ಗಣಕದಲ್ಲಿ ಆರೋಪಿಯಾಗಿಯೇ ಉಳಿದರೆ ಆತನ ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ, ಉದ್ಯೋಗದಲ್ಲಿ ಅದು ಅಡ್ಡಬರುತ್ತದೆ. ನ್ಯಾಯಾಲಯದ ತೀರ್ಮಾನದ ನಮೂನೆಯನ್ನು ತುಂಬುವುದು ಠಾಣೆಯಲ್ಲಿ ಹಿಂದೆ ಬೀಳುವ ಕೆಲಸಗಳಲ್ಲೊಂದು. ಪ್ರಕರಣವು ಮುಗಿದ ಮೇಲೆ ತನಿಖಾಧಿಕಾರಿಯ ಗಮನವು ಸಹಜವಾಗಿಯೇ ಬೇರೆಡೆಗೆ ಹರಿದಿರುತ್ತದೆ. ಪೊಲೀಸ್, ನ್ಯಾಯಾಲಯ, ಕಾರಾಗೃಹ, ಅಭಿಯೋಜನೆ ಮತ್ತು ವಿಧಿವಿಜ್ಞಾನ ಪ್ರಯೋಗಾಲಯಗಳ ದತ್ತಾಂಶವನ್ನು ಜೋಡಿಸುವ ಅಂತರ ಕಾರ್ಯಾಚರಣಾ ಅಪರಾಧ ನ್ಯಾಯ ವ್ಯವಸ್ಥೆಯ ಮಹತ್ವವು ಇಲ್ಲಿದೆ: ತೀರ್ಪನ್ನು ನ್ಯಾಯಾಲಯವೇ ದಾಖಲಿಸಿದಾಗ ಠಾಣೆಯು ಅದನ್ನು ಮತ್ತೆ ಬರೆಯುವ ಅಗತ್ಯವಿರುವುದಿಲ್ಲ. 2022ರ ದಂಡ ಪ್ರಕ್ರಿಯಾ ಗುರುತಿಸುವಿಕೆ ಅಧಿನಿಯಮವು ಬೆರಳು ಮುದ್ರೆ ಮೊದಲಾದ ಅಳತೆಗಳನ್ನು 75 ವರ್ಷಗಳವರೆಗೆ ಕಾಯ್ದಿರಿಸಲು ಅನುವು ಮಾಡಿದೆ. ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯು ಖುಲಾಸೆಯಾದಲ್ಲಿ, ನ್ಯಾಯಾಲಯವು ಬೇರೆ ರೀತಿ ನಿರ್ದೇಶಿಸದ ಹೊರತು, ಅವುಗಳನ್ನು ನಾಶಪಡಿಸಬೇಕೆಂದೂ ಹೇಳಿದೆ. ಖುಲಾಸೆಯ ಸುದ್ದಿಯೇ ಗಣಕವನ್ನು ತಲುಪದಿದ್ದಲ್ಲಿ ಈ ರಕ್ಷಣೆಯು ಕಾಗದದಲ್ಲಿಯೇ ಉಳಿಯುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆದುದರಿಂದ ಯಾರು, ಯಾವಾಗ, ಯಾರ ದಾಖಲೆಯನ್ನು ತೆರೆದರು ಎಂಬುದು ವ್ಯವಸ್ಥೆಯಲ್ಲಿ ತಾನಾಗಿಯೇ ನೋಂದಾಯಿತವಾಗುತ್ತಿರಬೇಕು, ಆ ನೋಂದಣಿಯನ್ನು ಪರಿಶೀಲಿಸುವ ಅಧಿಕಾರಿಯೂ ಇರಬೇಕು.

ಸಾರ್ವಜನಿಕರ ಗಮನಕ್ಕೆ

ಗಣಕೀಕರಣದ ಫಲವಾಗಿ ಮತ್ತು ಹೊಸ ಕಾನೂನಿನ ಅನ್ವಯ ಸಾರ್ವಜನಿಕರಿಗೆ ಕೆಲವು ನಿರ್ದಿಷ್ಟ ಹಕ್ಕುಗಳು ದೊರೆತಿವೆ. ಅಪರಾಧವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿಯನ್ನು ನೀಡಬಹುದು. ವಿದ್ಯುನ್ಮಾನ ಸಂವಹನದ ಮೂಲಕವೂ ನೀಡಬಹುದಾಗಿದ್ದು, ಹಾಗೆ ನೀಡಿದವರು ಮೂರು ದಿನಗಳೊಳಗೆ ಸಹಿ ಮಾಡತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯು ಉಚಿತವಾಗಿ ದೊರೆಯುತ್ತದೆ. ಸರ್ವೋಚ್ಚ ನ್ಯಾಯಾಲಯದ 2016ರ ಸೆಪ್ಟೆಂಬರ್‌ನ ಆದೇಶದಂತೆ ವರದಿಯನ್ನು ಸಾಮಾನ್ಯವಾಗಿ 24 ಗಂಟೆಗಳೊಳಗೆ ಜಾಲತಾಣದಲ್ಲಿ ಪ್ರಕಟಿಸಬೇಕು. ಸಂಪರ್ಕದ ತೊಂದರೆಯಿರುವೆಡೆ 72 ಗಂಟೆಗಳವರೆಗೆ ಅವಕಾಶವಿದೆ. ಲೈಂಗಿಕ ಅಪರಾಧ, ಮಕ್ಕಳ ಮೇಲಿನ ದೌರ್ಜನ್ಯ, ಭಯೋತ್ಪಾದನೆ ಮುಂತಾದ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸುವುದು ತನಿಖಾಧಿಕಾರಿಯ ಕರ್ತವ್ಯವಾಗಿದ್ದು, ಅದನ್ನು ವಿದ್ಯುನ್ಮಾನ ಸಂವಹನದ ಮೂಲಕವೂ ತಿಳಿಸಬಹುದಾಗಿದೆ.

ದೂರು ನೀಡುವವರು ತಮ್ಮ ಹೆಸರನ್ನು ಆಧಾರ್ ಅಥವಾ ಚಾಲನಾ ಪರವಾನಗಿಯಲ್ಲಿರುವ ಕಾಗುಣಿತದಂತೆಯೇ ಬರೆಯಿಸುವುದು, ಕಳುವಾದ ವಸ್ತುವಿನ ಗುರುತು ಸಂಖ್ಯೆಯಿದ್ದಲ್ಲಿ ಅದನ್ನು ತಪ್ಪದೆ ನೀಡುವುದು ಒಳಿತು. ಮುದ್ರಿತ ವರದಿಯ ಮೇಲೆ ಸಹಿ ಮಾಡುವ ಮುನ್ನ ಅದನ್ನು ಪೂರ್ತಿಯಾಗಿ ಓದಲು ಅಥವಾ ಓದಿಸಿ ಕೇಳಲು ದೂರುದಾರರಿಗೆ ಹಕ್ಕಿದೆ. ಅಂಕಿಯೋ ಅಕ್ಷರವೋ ತಪ್ಪಿದ್ದಲ್ಲಿ ಆಗಲೇ ಸರಿಪಡಿಸಲು ಠಾಣಾಧಿಕಾರಿಯನ್ನು ಕೋರಬಹುದು; ವರದಿಯು ಒಮ್ಮೆ ಜಾಲಕ್ಕೆ ಸೇರಿದ ನಂತರ ಅದೇ ತಿದ್ದುಪಡಿಗೆ ಹೆಚ್ಚಿನ ಸಮಯ ತಗಲುತ್ತದೆ.